ಜಾಕ್ ಜಾನ್ಸನ್ ಇಂದಿನ ರಿಂಗಿಗೆ ಇಳಿದರೆ

1910ರ ಜುಲೈ 4ರಂದು ಅಮೆರಿಕದ ನೆವಾಡಾ ರಾಜ್ಯದ ರೀನೋದಲ್ಲಿ ಮಾಜಿ ಚಾಂಪಿಯನ್ ಜೇಮ್ಸ್ ಜೆಫ್ರೀಸ್ ಎದುರು ರಿಂಗ್ ಹತ್ತಿದಾಗ, ಬಾಕ್ಸಿಂಗ್‌ನ ಅತಿ ಭಾರದ ವಿಭಾಗವಾದ ಹೆವಿವೇಟ್‌ನ ಮೊದಲ ಕಪ್ಪು ವಿಶ್ವ ಚಾಂಪಿಯನ್ ಜಾಕ್ ಜಾನ್ಸನ್‌ನ ತೂಕ 208 ಪೌಂಡ್, ಅಂದರೆ ಸುಮಾರು 94 ಕೆಜಿ. ಎತ್ತರ 184 ಸೆಂ.ಮೀ., ರೀಚ್ (ಎರಡೂ ಕೈ ಪಕ್ಕಕ್ಕೆ ಚಾಚಿದಾಗ ತುದಿಯಿಂದ ತುದಿಗೆ ಅಳತೆ) 188 ಸೆಂ.ಮೀ. ಆ ಕಾಲಕ್ಕೆ ಅದು ಭಾರೀ ಆಳು. 2024ರ ಮೇ ತಿಂಗಳಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಎದುರು ಆಡುವ ಮುಂಚೆ ಬ್ರಿಟನ್ನಿನ ಹೆವಿವೇಟ್ ಬಾಕ್ಸರ್ ಟೈಸನ್ ಫ್ಯೂರಿ ತೂಗಿದ್ದು 262 ಪೌಂಡ್, ಸುಮಾರು 119 ಕೆಜಿ. ಎತ್ತರ 206 ಸೆಂ.ಮೀ., ರೀಚ್ 216 ಸೆಂ.ಮೀ. ಜಾನ್ಸನ್ ಮತ್ತು ಫ್ಯೂರಿ ನಡುವೆ 25 ಕೆಜಿ ಅಂತರ. ಹಳೆಯ ಚಾಂಪಿಯನ್ ಇಂದಿನವರ ಮುಂದೆ ನಿಲ್ಲುತ್ತಾನೆಯೇ ಎಂದು ಕೇಳುವವರು ಮೊದಲು ತಕ್ಕಡಿ ನೋಡಬೇಕು.

ಇಂದು ಹೆವಿವೇಟ್‌ಗಿಂತ ಕೆಳಗೆ ಕ್ರೂಸರ್‌ವೇಟ್ ಎಂಬ ವಿಭಾಗವಿದೆ. ಅದರ ಮಿತಿ 200 ಪೌಂಡ್, 90.7 ಕೆಜಿ. ಜಾನ್ಸನ್ ಕಾಲದಲ್ಲಿ ಈ ವಿಭಾಗವೇ ಇರಲಿಲ್ಲ. ಅದು ಹುಟ್ಟಿದ್ದು 1980ರ ಆಸುಪಾಸಿನಲ್ಲಿ. ಲೈಟ್ ಹೆವಿವೇಟ್ ಮಿತಿಯಾದ 175 ಪೌಂಡ್ ದಾಟಿದವರೆಲ್ಲ ಆಗ ಒಂದೇ ಗೂಡಿನಲ್ಲಿದ್ದರು. ಇಂದಿನ ತೂಕದ ಪರೀಕ್ಷೆ ಪಂದ್ಯದ ಹಿಂದಿನ ದಿನ ನಡೆಯುತ್ತದೆ. 94 ಕೆಜಿಯ ಬಾಕ್ಸರ್ ನೀರು, ಉಪ್ಪು ಕಡಿಮೆ ಮಾಡಿ ಮೂರೂವರೆ ಕೆಜಿ ಇಳಿಸಿ ತೂಗಿ, ರಾತ್ರಿಯೊಳಗೆ ಅದನ್ನು ಮತ್ತೆ ತುಂಬಿಸಿಕೊಳ್ಳುವುದು ಇವತ್ತು ಮಾಮೂಲು. ಹಾಗಾಗಿ ಜಾನ್ಸನ್ ಇಂದು ಬಂದರೆ ಅವನನ್ನು ನೋಡಿದ ಯಾವ ಕೋಚ್ ಆದರೂ ಮೊದಲು ಹೇಳುವ ಮಾತು ಒಂದೇ: ನೀನು ಕ್ರೂಸರ್‌ವೇಟ್‌ನಲ್ಲಿ ಆಡು.

ಯಾವ ಜಾನ್ಸನ್ ಎಂಬುದನ್ನೂ ಗೊತ್ತು ಮಾಡಿಕೊಳ್ಳಬೇಕು. 1878ರಲ್ಲಿ ಟೆಕ್ಸಾಸ್‌ನ ಗ್ಯಾಲ್ವಸ್ಟನ್‌ನಲ್ಲಿ ಹುಟ್ಟಿದ ಆತ 1901ರಲ್ಲಿ ಅದೇ ಊರಿನಲ್ಲಿ ತನಗಿಂತ ಹಗುರದ ಜೋ ಚೊಯಿನ್ಸ್ಕಿ ಕೈಯಲ್ಲಿ ಮೂರನೇ ರೌಂಡಿನಲ್ಲೇ ನಾಕೌಟ್ ಆದ. ಟೆಕ್ಸಾಸ್‌ನಲ್ಲಿ ಆಗ ಬಾಕ್ಸಿಂಗ್ ಪಂದ್ಯ ಕಾನೂನುಬಾಹಿರ. ಇಬ್ಬರನ್ನೂ ಹಿಡಿದು ಜೈಲಿಗೆ ಹಾಕಿದರು. ಅಲ್ಲಿ ಕಳೆದ ಕೆಲ ವಾರಗಳಲ್ಲಿ ಚೊಯಿನ್ಸ್ಕಿ ಅವನಿಗೆ ಪಾಠ ಹೇಳಿಕೊಟ್ಟ. ಜಾನ್ಸನ್‌ನ ರಕ್ಷಣೆಯ ಆಟ ಗಟ್ಟಿಯಾಗತೊಡಗಿದ್ದು ಆಮೇಲೆ. ಹೆವಿವೇಟ್ ವಿಶ್ವ ಪ್ರಶಸ್ತಿ ಬಂದದ್ದು 1908ರ ಡಿಸೆಂಬರ್ 26ರಂದು, ಸಿಡ್ನಿಯ ರಶ್‌ಕಟರ್ಸ್ ಬೇಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ; 14ನೇ ರೌಂಡಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಿದರು. 1915ರ ಏಪ್ರಿಲ್ 5ರಂದು ಹವಾನಾದಲ್ಲಿ ಜೆಸ್ ವಿಲ್ಲಾರ್ಡ್‌ಗೆ ಸೋತ ಜಾನ್ಸನ್‌ಗೆ 37 ವರ್ಷ. ಮೈ ಭಾರವಾಗಿತ್ತು, ಅಮೆರಿಕದ ನ್ಯಾಯಾಲಯದ ಶಿಕ್ಷೆ ತಪ್ಪಿಸಿಕೊಂಡು ದೇಶಾಂತರ ತಿರುಗುತ್ತಿದ್ದ. ಅವನನ್ನು ಹೋಲಿಕೆಗೆ ತರುವುದು ಅನ್ಯಾಯ. ಇಲ್ಲಿ ಲೆಕ್ಕಕ್ಕೆ ಹಿಡಿಯುವುದು 1908ರಿಂದ 1910ರವರೆಗಿನ, 30-32ರ ಹರೆಯದ ಜಾನ್ಸನ್‌ನನ್ನು.

ಅವನ ಆಟವನ್ನು ಅಳೆಯಲು ನಮಗಿರುವ ಮುಖ್ಯ ಸಾಕ್ಷಿ ಹಳೆಯ ಚಿತ್ರಸುರುಳಿಗಳು. ಇವುಗಳ ಬಗ್ಗೆ ಜನ ಎರಡು ಬಗೆಯಲ್ಲಿ ಮೋಸ ಹೋಗುತ್ತಾರೆ. ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16 ಚೌಕಟ್ಟು ಬೀಳುತ್ತಿತ್ತು. ಅದನ್ನು 24 ಚೌಕಟ್ಟಿನ ವೇಗದಲ್ಲಿ ಓಡಿಸಿದರೆ ಬಾಕ್ಸರ್‌ಗಳು ಕೀಲಿಕೊಟ್ಟ ಗೊಂಬೆಗಳಂತೆ ಕಾಣುತ್ತಾರೆ, ಹೊಡೆತಗಳು ಮಕ್ಕಳಾಟದಂತೆ ತೋರುತ್ತವೆ. ಇದನ್ನು ಪತ್ತೆ ಮಾಡುವುದು ಸುಲಭ. ಒಂದು ರೌಂಡ್ ಎಂದರೆ ಮೂರು ನಿಮಿಷ. ಸೆಕೆಂಡಿಗೆ 16ರಂತೆ 180 ಸೆಕೆಂಡಿಗೆ 2,880 ಚೌಕಟ್ಟು. 24ರ ವೇಗದಲ್ಲಿ ಅವು ಎರಡೇ ನಿಮಿಷಕ್ಕೆ ಮುಗಿದುಹೋಗುತ್ತವೆ. ಪೂರ್ತಿ ರೌಂಡ್ ಇರುವ ತುಣುಕು ಎರಡು ನಿಮಿಷಕ್ಕೆ ಮುಗಿದರೆ ಅದನ್ನು ಮೂರನೇ ಎರಡರಷ್ಟು ವೇಗಕ್ಕೆ ಇಳಿಸಿ ನೋಡಬೇಕು. ಹಾಗೆ ನೋಡಿದಾಗ ಜಾನ್ಸನ್ ಬೇರೆಯೇ ಮನುಷ್ಯನಂತೆ ಕಾಣುತ್ತಾನೆ: ನಿಧಾನ, ನಿರಾಳ, ಎದುರಾಳಿಯ ಭುಜ ಅಲ್ಲಾಡುವ ಮೊದಲೇ ಕೈ ಅಡ್ಡ ಬಂದಿರುತ್ತದೆ.

ಇನ್ನೊಂದು ತೊಡಕು, ಸುರುಳಿಗಳು ಪೂರ್ತಿ ಇಲ್ಲ. ಸಿಡ್ನಿಯಲ್ಲಿ ಪಂದ್ಯ ನಿಲ್ಲಿಸುವ ಮೊದಲು ಪೊಲೀಸರು ಕ್ಯಾಮೆರಾವನ್ನೂ ನಿಲ್ಲಿಸಿದರು. ಬಿಳಿಯ ಚಾಂಪಿಯನ್ ಕುಸಿಯುವ ದೃಶ್ಯ ಜನ ನೋಡಬಾರದಿತ್ತು. ರೀನೋ ಪಂದ್ಯದ ನಂತರ ಅಮೆರಿಕದ ಹಲವು ನಗರಗಳಲ್ಲಿ ಜನಾಂಗೀಯ ಗಲಭೆಗಳಾದವು. 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನೇ ಅಲ್ಲಿನ ಸಂಸತ್ತು ನಿಷೇಧಿಸಿತು. ಆ ಕಾನೂನು 1940ರವರೆಗೂ ಇತ್ತು. ಹೀಗಾಗಿ ನಾವು ನೋಡುವುದು ಉಳಿದುಬಂದ ಚೂರುಗಳನ್ನು. ಅಷ್ಟರಲ್ಲೂ ಅವನ ಕೈಕೆಲಸ ಸ್ಪಷ್ಟವಾಗಿ ತಿಳಿಯುತ್ತದೆ.

ಆ ಕೈಕೆಲಸ ಹೀಗಿದೆ. ಭಾರ ಹಿಂದಿನ ಕಾಲಿನ ಮೇಲೆ. ಸೊಂಟದಿಂದ ಮೇಲಿನ ಮೈ ಹಿಂದಕ್ಕೆ ವಾಲಿದೆ. ಎಡಗೈ ಮುಂದಕ್ಕೆ ಅರ್ಧ ಚಾಚಿದೆ, ಅಂಗೈ ಮುಷ್ಟಿಯಾಗದೆ ಸಡಿಲವಾಗಿ ತೆರೆದಿದೆ. ಬಲ ಅಂಗೈ ಗಲ್ಲದ ಮುಂದೆ. ಎದುರಾಳಿ ಎಡಗೈಯಿಂದ ಜಾಬ್, ಅಂದರೆ ಮುಂದಿನ ಕೈಯ ಚುರುಕು ನೇರ ಹೊಡೆತ, ಕೊಟ್ಟರೆ ಬಲ ಅಂಗೈ ಅದನ್ನು ಹಿಡಿದು ನಿಲ್ಲಿಸುತ್ತದೆ. ಬಲಗೈ ಎತ್ತಿದರೆ, ಹೊಡೆತ ಹೊರಡುವ ಮೊದಲೇ ಜಾನ್ಸನ್‌ನ ಎಡಗೈ ಎದುರಾಳಿಯ ಬಲತೋಳಿನ ಮೇಲ್ಭಾಗಕ್ಕೆ ಒತ್ತಿ ಕೂತಿರುತ್ತದೆ. ತೋಳಿನ ಬುಡ ಕದಲದಿದ್ದರೆ ಮುಷ್ಟಿ ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಮುಷ್ಟಿಯನ್ನು ತಡೆಯುವ ಬದಲು ತೋಳಿನ ಬುಡವನ್ನೇ ತಡೆಯುವುದು ಈ ಆಟದ ತಿರುಳು. ಅಲ್ಲಿಂದ ಎಡಗೈ ಜಾರಿ ತೋಳನ್ನು ಒಳಗೆ ಎಳೆದುಕೊಳ್ಳುತ್ತದೆ, ಬಲಗೈ ಕೆಳಗಿನಿಂದ ಅಪ್ಪರ್‌ಕಟ್ ಆಗಿ ಬರುತ್ತದೆ. ಬರ್ನ್ಸ್, ಜೆಫ್ರೀಸ್ ಇಬ್ಬರೂ ಇದಕ್ಕೆ ಉತ್ತರ ಕಾಣಲಿಲ್ಲ.

ಈ ಆಟ ಅವನ ಸ್ವಂತ ಪ್ರತಿಭೆ, ನಿಜ. ಆದರೆ ಅದು ಆ ಕಾಲದ ಗ್ಲೌಸ್‌ಗೆ ಹೊಲಿದ ಆಟವೂ ಹೌದು. ಆಗಿನ ಗ್ಲೌಸ್ 4ರಿಂದ 6 ಔನ್ಸ್. ಇಂದು ಕ್ರೂಸರ್‌ವೇಟ್, ಹೆವಿವೇಟ್ ಎರಡರಲ್ಲೂ 10 ಔನ್ಸ್, ಅಂದರೆ 283 ಗ್ರಾಂ. ಹಳೆಯ ಗ್ಲೌಸ್‌ನಲ್ಲಿ ಹೆಬ್ಬೆರಳು ಬಿಡಿಯಾಗಿರುತ್ತಿತ್ತು, ಒಳಗಿನ ಮೆತ್ತೆ ತೆಳುವಾಗಿರುತ್ತಿತ್ತು, ಬೆರಳು ಬಾಗುತ್ತಿದ್ದವು, ತೋಳನ್ನು ಹಿಡಿಯಬಹುದಿತ್ತು. ಈಗಿನ ಗ್ಲೌಸ್‌ನಲ್ಲಿ ಹೆಬ್ಬೆರಳು ಉಳಿದ ಭಾಗಕ್ಕೆ ಅಂಟಿಕೊಂಡಿದೆ, ಎದುರಾಳಿಯ ಕಣ್ಣಿಗೆ ಬೆರಳು ಹೋಗದಿರಲಿ ಎಂದು. ಇಂಥ ದಿಂಬಿನಿಂದ ತೋಳನ್ನು ತಳ್ಳಬಹುದು, ಹಿಡಿಯಲಾಗದು. ಜಾನ್ಸನ್‌ನ ಕೈಗೆ ಈಗಿನ ಗ್ಲೌಸ್ ಕಟ್ಟಿದ ಕೂಡಲೇ ಅರ್ಧ ವಿದ್ಯೆ ಕೈಬಿಟ್ಟ ಹಾಗೆ.

ಗ್ಲೌಸ್ ದಪ್ಪವಾದದ್ದರ ಇನ್ನೊಂದು ಪರಿಣಾಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಇವತ್ತಿನ ಬಾಕ್ಸರ್ ಎರಡೂ ಕೈಯನ್ನು ಕೆನ್ನೆಗೆ ಒತ್ತಿ, ಗ್ಲೌಸ್‌ಗಳ ಹಿಂದೆ ಮುಖ ಮರೆಸಿ ಮುನ್ನುಗ್ಗುತ್ತಾನೆ. ಇದನ್ನು ಹೈ ಗಾರ್ಡ್ ಎನ್ನುತ್ತಾರೆ. 5 ಔನ್ಸ್ ಗ್ಲೌಸ್ ಹಾಕಿಕೊಂಡು ಹೀಗೆ ನಿಂತರೆ ಹೊಡೆತಗಳು ಸಂದಿಯಲ್ಲಿ ನುಸುಳಿ ಬರುತ್ತವೆ, ತಡೆದ ಹೊಡೆತವೂ ತನ್ನದೇ ಮುಷ್ಟಿಯ ಮೂಲಕ ದವಡೆಗೆ ತಟ್ಟುತ್ತದೆ. ಆದ್ದರಿಂದ ಹಿಂದಿನವರು ಕೈಯನ್ನು ಮುಂದೆ ಚಾಚಿ, ತಲೆಯನ್ನು ದೂರ ಇಟ್ಟು ಆಡುತ್ತಿದ್ದರು. ಹಳೆಯ ಫೋಟೊಗಳಲ್ಲಿ ಅವರು ನಿಂತ ಭಂಗಿ ನೋಡಿ ನಗುವವರಿದ್ದಾರೆ. ಆ ಗ್ಲೌಸ್ ಹಾಕಿ ಎರಡು ರೌಂಡ್ ಆಡಿದರೆ ನಗು ನಿಲ್ಲುತ್ತದೆ. ಜೊತೆಗೆ ತೆಳು ಗ್ಲೌಸ್‌ನಿಂದ ತಲೆಬುರುಡೆಗೆ ಹೊಡೆದರೆ ಮುರಿಯುವುದು ಹೊಡೆದವನ ಕೈ. 20-45 ರೌಂಡ್ ಆಡಬೇಕಾದವನು ಕೈ ಉಳಿಸಿಕೊಳ್ಳಲೇಬೇಕು. ಅದಕ್ಕೇ ಅವರು ಕಡಿಮೆ ಹೊಡೆಯುತ್ತಿದ್ದರು, ಆರಿಸಿ ಹೊಡೆಯುತ್ತಿದ್ದರು. ಇಂದು ಒಳಗೆ ಹಲವು ಗಜ ಗಾಜ್ ಬಟ್ಟೆ ಸುತ್ತಿ, ಟೇಪ್ ಹಾಕಿ, ಮೇಲೆ 10 ಔನ್ಸ್ ಗ್ಲೌಸ್ ಏರಿಸಿದ ಹೆವಿವೇಟ್ ಬಾಕ್ಸರ್ ರೌಂಡಿಗೆ 40ರ ಆಸುಪಾಸು ಪಂಚ್ ಎಸೆಯುವುದು ಸಾಮಾನ್ಯ. ಜಾನ್ಸನ್ ಈ ವೇಗಕ್ಕೆ ಎಂದೂ ಆಡಿದವನಲ್ಲ.

ಈಗ ಕ್ಲಿಂಚ್‌ಗೆ ಬರೋಣ. ನನ್ನ ಪ್ರಕಾರ ಜಾನ್ಸನ್ ಇಂದು ಗೆಲ್ಲುತ್ತಾನೋ ಸೋಲುತ್ತಾನೋ ಎಂಬುದು ತೀರ್ಮಾನವಾಗುವುದು ಇಲ್ಲೇ, ಪಂಚ್‌ಗಳಲ್ಲಲ್ಲ. ಇಬ್ಬರು ಬಾಕ್ಸರ್‌ಗಳು ಒಬ್ಬರ ತೋಳಿಗೆ ಒಬ್ಬರು ಸಿಕ್ಕಿಕೊಂಡು ನಿಲ್ಲುವುದನ್ನು ಕ್ಲಿಂಚ್ ಎನ್ನುತ್ತಾರೆ. ಇಂದಿನ ಆಟದಲ್ಲಿ ಅದು ವಿರಾಮ: ದಣಿದವನು ಅಪ್ಪಿಕೊಳ್ಳುತ್ತಾನೆ, ರೆಫರಿ ‘ಬ್ರೇಕ್’ ಎನ್ನುತ್ತಾನೆ, ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಜಾನ್ಸನ್‌ಗೆ ಅದು ಕಾರ್ಯಾಗಾರ. ಅಖಾಡದಲ್ಲಿ ಎದುರಾಳಿಯ ಕತ್ತಿನ ಮೇಲೆ ಕೈ ಹಾಕಿ ಮೈಭಾರ ಬಿಡುವ ಪೈಲ್ವಾನನಂತೆ ಅವನು ಬರ್ನ್ಸ್‌ನ ಮೇಲೆ ಒರಗಿ, ಒಂದು ತೋಳು ಕಟ್ಟಿಹಾಕಿ, ಇನ್ನೊಂದು ಕೈಯಿಂದ ಪಕ್ಕೆಗೆ, ಗಲ್ಲಕ್ಕೆ ಹೊಡೆಯುತ್ತಿದ್ದ. ನಡುನಡುವೆ ರಿಂಗಿನ ಪಕ್ಕ ಕೂತವರ ಜೊತೆ ಮಾತನ್ನೂ ಆಡುತ್ತಿದ್ದ.

ಇದು ಆಗಲೂ ಪೂರ್ತಿ ನಿಯಮಬದ್ಧವೇನಲ್ಲ. ಗ್ಲೌಸ್ ಬಾಕ್ಸಿಂಗ್‌ಗೆ ಬುನಾದಿಯಾದ 1867ರ ಕ್ವೀನ್ಸ್‌ಬರಿ ನಿಯಮಗಳಲ್ಲಿ ಎರಡನೆಯದೇ ಕುಸ್ತಿ ಹಿಡಿಯಬಾರದು, ಅಪ್ಪಿಕೊಳ್ಳಬಾರದು ಎನ್ನುತ್ತದೆ. ಆದರೆ ರೆಫರಿಗಳು ಅದನ್ನು ಕಡೆಗಣಿಸುತ್ತಿದ್ದರು. ಬಿಡುವಾದ ಕೈಯಿಂದ ಹೊಡೆಯಬಹುದೇ, ಕ್ಲಿಂಚ್ ಬಿಡಿಸಿಕೊಳ್ಳುವಾಗ ಹೊಡೆಯಬಹುದೇ ಎಂಬುದು ಪಂದ್ಯದ ಮುಂಚೆ ಮಾತಾಡಿಕೊಂಡು ತೀರ್ಮಾನಿಸುವ ವಿಷಯವಾಗಿತ್ತು. ಇಂದು ಹಿಡಿದುಕೊಂಡು ಹೊಡೆಯುವುದು ನೇರ ಫೌಲ್. ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಅಂಕ ಕಡಿತ. ಅಂಕ ಕಡಿತ ಎಷ್ಟು ದುಬಾರಿ ಎಂಬುದನ್ನು ಲೆಕ್ಕ ಹಾಕಿ ನೋಡಿ: ರೌಂಡ್ ಗೆದ್ದವನಿಗೆ 10, ಸೋತವನಿಗೆ 9. ಗೆದ್ದವನಿಂದ ಒಂದು ಅಂಕ ಕಿತ್ತರೆ 9-9, ಮೂರು ನಿಮಿಷದ ದುಡಿಮೆ ನೀರುಪಾಲು. ಸೋತ ರೌಂಡಿನಲ್ಲಿ ಕಿತ್ತರೆ 8-10. ಹನ್ನೆರಡು ರೌಂಡಿನ ಪಂದ್ಯದಲ್ಲಿ ಎರಡು ಕಡಿತವಾದರೆ ಎದುರಾಳಿಗಿಂತ ಎರಡು ರೌಂಡ್ ಹೆಚ್ಚಿಗೆ ಗೆದ್ದು ಅದನ್ನು ತುಂಬಿಸಬೇಕು.

ಹಾಗಂತ ಕ್ಲಿಂಚ್ ಇಂದು ಸತ್ತುಹೋಗಿಲ್ಲ. 2013ರಲ್ಲಿ ಮಾಸ್ಕೋದಲ್ಲಿ ವ್ಲಾದಿಮಿರ್ ಕ್ಲಿಚ್ಕೊ, ಅಲೆಕ್ಸಾಂಡರ್ ಪೊವೆಟ್ಕಿನ್‌ನನ್ನು ಅಪ್ಪಿ, ಕತ್ತು ಬಗ್ಗಿಸಿ, ಮೇಲೆ ಒರಗಿ ಹೈರಾಣ ಮಾಡಿ ಭಾರೀ ಅಂತರದಿಂದ ಗೆದ್ದ. ನೋಡಲು ಬೇಸರದ ಪಂದ್ಯ, ಆದರೆ ಪಾಠ ಸ್ಪಷ್ಟ: ರೆಫರಿ ಸಡಿಲ ಬಿಟ್ಟರೆ ಕ್ಲಿಂಚ್ ಇವತ್ತೂ ಪಂದ್ಯ ಗೆಲ್ಲಿಸುತ್ತದೆ. ಗೆಲ್ಲಿಸುವುದು ಮಾತ್ರ ದೊಡ್ಡ ಆಳನ್ನು. 2020ರ ಫೆಬ್ರುವರಿಯಲ್ಲಿ 273 ಪೌಂಡಿನ ಫ್ಯೂರಿ 231 ಪೌಂಡಿನ ಡಿಯೊಂಟೆ ವೈಲ್ಡರ್ ಮೇಲೆ ಪದೇ ಪದೇ ಒರಗಿದ. ಏಳನೇ ರೌಂಡಿನ ಹೊತ್ತಿಗೆ ವೈಲ್ಡರ್ ಕಾಲಲ್ಲಿ ಏನೂ ಉಳಿದಿರಲಿಲ್ಲ. ಕತ್ತಿನ ಮೇಲೆ ಬಿದ್ದ ಭಾರವನ್ನು ಸೊಂಟ ಮತ್ತು ತೊಡೆ ಹೊರಬೇಕು. ಪ್ರತಿ ಸಲ ಹತ್ತು ಸೆಕೆಂಡ್ ಹೊತ್ತರೆ ಮುಂದಿನ ಪಂಚ್‌ಗೆ ಬೇಕಾದ ಕಾಲಿನ ಬಲ ಅಲ್ಲೇ ಖರ್ಚಾಗುತ್ತದೆ.

ಜಾನ್ಸನ್ ಯಾರ ಮೇಲೆ ಒರಗಿದ್ದ ಎಂಬುದನ್ನು ಈ ಬೆಳಕಿನಲ್ಲಿ ನೋಡಬೇಕು. ಬರ್ನ್ಸ್‌ನ ಎತ್ತರ 170 ಸೆಂ.ಮೀ., ತೂಕ 76 ಕೆಜಿಯಷ್ಟು. ಜಾನ್ಸನ್ ಅವನಿಗಿಂತ ಹತ್ತು ಕೆಜಿಗೂ ಹೆಚ್ಚು ಭಾರ. 1909ರ ಅಕ್ಟೋಬರ್‌ನಲ್ಲಿ ಎದುರಾದ ಸ್ಟಾನ್ಲಿ ಕೆಚೆಲ್ ಇನ್ನೂ ಹಗುರ ವಿಭಾಗವಾದ ಮಿಡಲ್‌ವೇಟ್‌ನ ಚಾಂಪಿಯನ್, ತೂಕ 77 ಕೆಜಿ. ಜೆಫ್ರೀಸ್ ದೊಡ್ಡ ಆಳು, 227 ಪೌಂಡ್. ಆದರೆ 1905ರಲ್ಲೇ ನಿವೃತ್ತಿಯಾಗಿ, ವಿಪರೀತ ದಪ್ಪವಾಗಿ, ಆ ಕೊಬ್ಬನ್ನೆಲ್ಲ ಕರಗಿಸಿ ವಾಪಸ್ ಬಂದವನು. ಆಗಿನ ಅತ್ಯುತ್ತಮ ಕಪ್ಪು ಬಾಕ್ಸರ್‌ಗಳಾದ ಸ್ಯಾಮ್ ಲ್ಯಾಂಗ್‌ಫೋರ್ಡ್, ಜೋ ಜೆನೆಟ್ ಜೊತೆ ಜಾನ್ಸನ್ ಆಡಿದ್ದು ಚಾಂಪಿಯನ್ ಆಗುವ ಮೊದಲು. ಬಿಳಿಯರ ವರ್ಣಭೇದದಿಂದ ವರ್ಷಗಟ್ಟಲೆ ಬಾಗಿಲಾಚೆ ಕಾದವನು, ಬಾಗಿಲು ತೆರೆದ ಮೇಲೆ ಇವರಿಗೆ ಅವಕಾಶ ಕೊಡಲಿಲ್ಲ. ಹಣ ಬಿಳಿಯ ಎದುರಾಳಿಯ ಪಂದ್ಯದಲ್ಲಿತ್ತು. ಗಟ್ಟಿಮುಟ್ಟಾದ, ತಯಾರಿ ಮಾಡಿದ, ತನಗಿಂತ ದೊಡ್ಡವನು ಎದುರಾದದ್ದು ವಿಲ್ಲಾರ್ಡ್ ರೂಪದಲ್ಲಿ ಮಾತ್ರ. 199 ಸೆಂ.ಮೀ. ಎತ್ತರದ, 100 ಕೆಜಿ ದಾಟಿದ ವಿಲ್ಲಾರ್ಡ್ ಮೇಲೆ ಒರಗುವುದು ಸಾಧ್ಯವಾಗಲಿಲ್ಲ. ವಯಸ್ಸಾಗಿತ್ತು, ಬಿಸಿಲಿತ್ತು, ಎಲ್ಲ ನಿಜ; ಆದರೂ ದೊಡ್ಡ ಆಳಿನ ವಿರುದ್ಧ ಈ ಆಟಕ್ಕೆ ಮಿತಿಯಿದೆ ಎಂಬುದಕ್ಕೆ ಹವಾನಾ ಸಾಕ್ಷಿ.

ಕೆಚೆಲ್ ಪಂದ್ಯದ 12ನೇ ರೌಂಡ್ ಇಂದಿನ ನಿಯಮದಲ್ಲಿ ಹೇಗಿರುತ್ತಿತ್ತು ಎಂದು ಯೋಚಿಸುವುದು ಸ್ವಾರಸ್ಯಕರ. ಕೆಚೆಲ್ ಬೀಸಿದ ಬಲಗೈ ಕಿವಿಯ ಹಿಂಭಾಗಕ್ಕೆ ತಾಗಿ ಜಾನ್ಸನ್ ಕೆಳಗೆ ಬಿದ್ದ. ಏಳುತ್ತಿದ್ದಂತೆ ಕೆಚೆಲ್ ಮುಗಿಸಿಬಿಡಲು ಮೇಲೆ ನುಗ್ಗಿದ. ಎದ್ದ ಜಾನ್ಸನ್ ಅದೇ ಹೊತ್ತಿಗೆ ಎದುರಿನಿಂದ ಹೊಡೆದ; ಕೆಚೆಲ್ ಅಂಗಾತ ಬಿದ್ದವನು ಎಣಿಕೆ ಮುಗಿದರೂ ಏಳಲಿಲ್ಲ. ಈಗಾದರೆ ಕೆಡವಿದವನು ತಟಸ್ಥ ಮೂಲೆಗೆ ಹೋಗಬೇಕು, ಬಿದ್ದವನು ಕೂಡಲೇ ಎದ್ದರೂ ರೆಫರಿ ಎಂಟರವರೆಗೆ ಎಣಿಸಲೇಬೇಕು, ಕಣ್ಣು ನೋಡಿ, ಗ್ಲೌಸ್ ಒರೆಸಿ ಆಮೇಲೆ ಬಿಡಬೇಕು. ಎದುರಾಳಿ ಆತುರದಲ್ಲಿ ನುಗ್ಗಿ ಬಂದ ಆ ಅರೆಕ್ಷಣವೇ ಸಿಗುತ್ತಿರಲಿಲ್ಲ. ಹಾಗೆಯೇ ಕಿವಿಯ ಹಿಂದೆ ಬಿದ್ದ ಹೊಡೆತಕ್ಕೆ ಈಗಿನ ರೆಫರಿ ತಲೆಯ ಹಿಂಬದಿಗೆ ಹೊಡೆದೆ ಎಂದು ಎಚ್ಚರಿಸಲೂಬಹುದು. ಕೆಚೆಲ್‌ನಂಥ ಹಗುರ ಆಳಿನ ಹೊಡೆತಕ್ಕೆ ಜಾನ್ಸನ್ ಕೆಳಗೆ ಬಿದ್ದ ಎಂಬುದನ್ನು ಮಾತ್ರ ಬದಿಗಿಡುವಂತಿಲ್ಲ. ತಲೆ ಹಿಂದಕ್ಕೆ ವಾಲಿಸಿ ತಪ್ಪಿಸಿಕೊಳ್ಳುವವನಿಗೆ ಸುತ್ತಿ ಬರುವ ಹೊಡೆತ ಸದಾ ಅಪಾಯ.

ಹಿಂದಕ್ಕೆ ವಾಲುವ ಈ ಅಭ್ಯಾಸವನ್ನು ಇಂದಿನ ಬಾಕ್ಸರ್ ಹೇಗೆ ಒಡೆಯುತ್ತಾನೆ? ಒಂದೇ ಹೊಡೆತಕ್ಕೆ ವಾಲುವುದು ಸಾಕು. ಎರಡನೆಯದಕ್ಕೆ ಕಷ್ಟ, ಮೂರನೆಯದಕ್ಕೆ ಜಾಗವೇ ಇರುವುದಿಲ್ಲ. ಬೆನ್ನು ಇನ್ನಷ್ಟು ಬಾಗದು, ಭಾರವೆಲ್ಲ ಹಿಂದಿನ ಕಾಲಿನ ಮೇಲಿರುವುದರಿಂದ ಆ ಕಾಲನ್ನು ಎತ್ತಿ ಹಿಂದೆ ಸರಿಯಲೂ ತಡ. ಜಾಬ್, ಅದರ ಹಿಂದೆ ಹೆಜ್ಜೆ ಇಟ್ಟು ಮತ್ತೊಂದು ಜಾಬ್, ತಕ್ಷಣ ನೇರ ಬಲಗೈ: ಇಂದು ಜಿಮ್ ಸೇರಿದ ಹುಡುಗನಿಗೂ ಹೇಳಿಕೊಡುವ ಸರಣಿ ಇದು. ಜಾನ್ಸನ್ ಎದುರಿಸಿದವರಲ್ಲಿ ಹೆಚ್ಚಿನವರು ಒಂದು ಅಥವಾ ಎರಡು ಹೊಡೆತ ಬೀಸಿ ಕ್ಲಿಂಚ್‌ಗೆ ಬೀಳುತ್ತಿದ್ದರು. 216 ಸೆಂ.ಮೀ. ರೀಚ್ ಇರುವವನು ಮೂರು ಹೊಡೆತ ಜೋಡಿಸಿದರೆ 188 ಸೆಂ.ಮೀ. ರೀಚ್‌ನವನಿಗೆ ಮುಂಗೈ ಚಾಚಿ ತೋಳಿನ ಬುಡ ಮುಟ್ಟುವ ದೂರವೇ ಸಿಗದು.

ಉಸಿಕ್ ಎದುರಾದರೆ ತೊಂದರೆ ಬೇರೆ ಬಗೆಯದು. ಆತ 191 ಸೆಂ.ಮೀ., ರೀಚ್ 198 ಸೆಂ.ಮೀ.; 2018ರಲ್ಲಿ ಕ್ರೂಸರ್‌ವೇಟ್‌ನಲ್ಲಿ ನಾಲ್ಕು ಪ್ರಮುಖ ಸಂಸ್ಥೆಗಳ ಚಾಂಪಿಯನ್ ಬೆಲ್ಟ್‌ಗಳನ್ನೂ ಗೆದ್ದು, 2024ರಲ್ಲಿ 101 ಕೆಜಿಯಲ್ಲಿ ಫ್ಯೂರಿಯನ್ನು ಸೋಲಿಸಿ ಹೆವಿವೇಟ್‌ನಲ್ಲೂ ಅದನ್ನೇ ಮಾಡಿದವನು. ಗಾತ್ರದಲ್ಲಿ ಜಾನ್ಸನ್‌ಗೆ ತೀರ ಎಟುಕದವನೇನಲ್ಲ. ಆದರೆ ಉಸಿಕ್ ಸೌತ್‌ಪಾ, ಬಲಗೈ ಬಲಗಾಲು ಮುಂದಿಟ್ಟು ನಿಲ್ಲುವವನು. ಜಾನ್ಸನ್ ಕಾಲದಲ್ಲಿ ಎಡಗೈಯವರನ್ನೂ ತಿದ್ದಿ ಎಡಗಾಲು ಮುಂದಿಟ್ಟು ನಿಲ್ಲಿಸುವುದು ರೂಢಿ. ಹೆವಿವೇಟ್‌ನಲ್ಲಿ ಸೌತ್‌ಪಾ ಒಬ್ಬ ಚಾಂಪಿಯನ್ ಆಗಲು 1994ರಲ್ಲಿ ಮೈಕೆಲ್ ಮೂರರ್ ಬರಬೇಕಾಯಿತು. ಸೌತ್‌ಪಾ ಎದುರು ಜಾನ್ಸನ್‌ನ ಎರಡೂ ಕೈಗಳ ಕೆಲಸ ಅದಲುಬದಲಾಗುತ್ತದೆ. ಬಲತೋಳನ್ನು ಅದುಮಲು ಪಳಗಿದ ಎಡಗೈಗೆ ಈಗ ಸಿಗುವುದು ಉಸಿಕ್‌ನ ಜಾಬ್ ಕೈ, ಅದು ಪದೇ ಪದೇ ತಟ್ಟಿ ಕಣ್ಣು ಕಟ್ಟುತ್ತದೆ. ಜಾಬ್ ಹಿಡಿಯಲು ಪಳಗಿದ ಬಲ ಅಂಗೈ ಕಡೆಯಿಂದ ಬರುವುದು ಪೂರ್ತಿ ಬಲದ ಎಡಗೈ. ಅದನ್ನು ಅಂಗೈಯಲ್ಲಿ ಹಿಡಿಯಹೋದರೆ ಅಂಗೈ ಸಮೇತ ಮುಖಕ್ಕೆ ಬಡಿಯುತ್ತದೆ. ಜೊತೆಗೆ ಉಸಿಕ್ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ; ಹೊಡೆದು ಪಕ್ಕಕ್ಕೆ ಸರಿದಿರುತ್ತಾನೆ, ಕ್ಲಿಂಚ್‌ಗೆ ಸಿಗುವುದು ಅಪರೂಪ.

ಇನ್ನು ಅಂಕದ ಮಾತು. ಜಾನ್ಸನ್ ಎದುರಾಳಿ ಬರಲಿ ಎಂದು ಕಾಯುವವನು. 1905ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ವಿನ್ ಹಾರ್ಟ್ ಎದುರು 20 ರೌಂಡ್ ಆಡಿ ಸೋತಾಗ ರೆಫರಿ ತೂಕ ಕೊಟ್ಟಿದ್ದು ಹಾರ್ಟ್ ಸತತವಾಗಿ ಮುನ್ನುಗ್ಗಿದ್ದಕ್ಕೆ. ಆ ತೀರ್ಪಿನಲ್ಲಿ ವರ್ಣಭೇದದ ವಾಸನೆಯಿದೆ ಎಂದು ಹಲವರು ಹೇಳುತ್ತಾರೆ, ಇರಬಹುದು. ಆದರೆ ಅದೇ ಆಟಕ್ಕೆ ಇಂದಿನ ಮೂವರು ಜಡ್ಜ್‌ಗಳೂ ಕೈ ಬಿಚ್ಚಿ ಅಂಕ ಕೊಡುವುದಿಲ್ಲ. ತಡೆದ ಹೊಡೆತಕ್ಕೆ ಎದುರಾಳಿಗೆ ಅಂಕ ಹೋಗದು, ಸರಿ. ತಡೆದವನಿಗೂ ಅದರಿಂದ ದೊಡ್ಡ ಲಾಭವಿಲ್ಲ. 45 ರೌಂಡಿನ ಪಂದ್ಯದಲ್ಲಿ ಮೊದಲ ಹತ್ತು ರೌಂಡ್ ಎದುರಾಳಿಯನ್ನು ಓದಲು ಕಳೆಯಬಹುದು. 12 ರೌಂಡಿನಲ್ಲಿ ಮೊದಲ ನಾಲ್ಕು ಕೈಬಿಟ್ಟರೆ ಉಳಿದ ಎಂಟರಲ್ಲಿ ಏಳು ಗೆದ್ದರಷ್ಟೇ ಗೆಲುವು.

ತೀರ್ಪು ಕೊಡಲೇಬೇಕೆಂದರೆ ನಾನು ಹೀಗೆ ಕೊಡುತ್ತೇನೆ. 1910ರ ಜಾನ್ಸನ್‌ನನ್ನು ಇದ್ದ ಹಾಗೆಯೇ ಎತ್ತಿ ತಂದು, ಒಂದು ವಾರ ಗ್ಲೌಸ್ ಅಭ್ಯಾಸ ಮಾಡಿಸಿ, ಇಂದಿನ ನಿಯಮದಲ್ಲಿ ಫ್ಯೂರಿ ಎದುರು ಬಿಟ್ಟರೆ ಎಂಟು-ಹತ್ತು ರೌಂಡ್ ನಿಂತು, ಮೇಲೆ ಬಿದ್ದ ಭಾರ ಹೊರಲಾರದೆ ಸೋಲುತ್ತಾನೆ. ಉಸಿಕ್ ಎದುರು ಪೂರ್ತಿ ಹನ್ನೆರಡು ನಿಲ್ಲುತ್ತಾನೆ; ಅವನನ್ನು ಕೆಡವುವುದು ಸುಲಭವಲ್ಲ. ಆದರೆ ಗೆಲ್ಲುವ ರೌಂಡ್ ಮೂರು, ಹೆಚ್ಚೆಂದರೆ ನಾಲ್ಕು. ಕ್ರೂಸರ್‌ವೇಟ್‌ನಲ್ಲಿ ಎಡಗಾಲು ಮುಂದಿಟ್ಟು ನಿಲ್ಲುವ, ಒಂದೊಂದೇ ಭಾರೀ ಹೊಡೆತ ನೆಚ್ಚಿಕೊಂಡವರು ಸಿಕ್ಕರೆ ಲೆಕ್ಕ ತಿರುಗುತ್ತದೆ. ಅಂಥವರ ಹೊಡೆತ ಹೊರಡುವ ಮೊದಲೇ ಸಾಯುತ್ತದೆ, ಆರನೇ ರೌಂಡಿನ ಹೊತ್ತಿಗೆ ಅವರು ಏನು ಎಸೆಯಲೂ ಹಿಂಜರಿಯುತ್ತಾರೆ. ಆ ವಿಭಾಗದ ಮೊದಲ ಹತ್ತರಲ್ಲಿ ಜಾನ್ಸನ್ ಇರುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅದೇ ಮನುಷ್ಯ ಇಂದು ಹುಟ್ಟಿ ಬೆಳೆದಿದ್ದರೆ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರವೂ ಬೇರೆ. ದೂರವನ್ನು ಅಳೆಯುವ ಕಣ್ಣು, ಭುಜ ನೋಡಿ ಹೊಡೆತ ಊಹಿಸುವ ಬುದ್ಧಿ, ಹೊಡೆತದ ನಡುವೆಯೂ ಕೆಡದ ಉಸಿರು, ಇವು ಕಾಲ ಬದಲಾದರೂ ಬೆಲೆ ಕಳೆದುಕೊಳ್ಳುವುದಿಲ್ಲ. ಹದಿನಾಲ್ಕರ ವಯಸ್ಸಿಗೆ ಅಮೆಚೂರ್ ಬಾಕ್ಸಿಂಗ್‌ಗೆ ಸೇರಿ, ನೂರಾರು ಪಂದ್ಯ ಆಡಿ, ಸೌತ್‌ಪಾಗಳ ಜೊತೆ ವರ್ಷಗಟ್ಟಲೆ ಸ್ಪಾರಿಂಗ್ (ಅಭ್ಯಾಸದ ಪಂದ್ಯ) ಮಾಡಿ, ತೂಕ ಎತ್ತಿ 100 ಕೆಜಿಗೆ ಬಂದ ಜಾನ್ಸನ್ ಉಸಿಕ್‌ಗೇ ಕಷ್ಟ ಕೊಡುತ್ತಿದ್ದ. ಆದರೆ ಹಾಗೆ ಬೆಳೆದವನು ಆ ಕೈ ತೆರೆದ, ಹಿಂದಕ್ಕೆ ವಾಲಿದ ಆಟ ಆಡುತ್ತಿರಲಿಲ್ಲ. ಯಾವ ಕೋಚ್ ಕೂಡ ಅದನ್ನು ಬಿಡುತ್ತಿರಲಿಲ್ಲ.

ನ್ಯಾಯವಾಗಿ ನೋಡಿದರೆ ಪರೀಕ್ಷೆಯನ್ನು ತಿರುಗಿಸಿಯೂ ನೋಡಬೇಕು. ಉಸಿಕ್‌ನನ್ನು 1910ರ ರೀನೋಗೆ ಕಳಿಸಿ. ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರದ ಊರು, ಜುಲೈ ಬಿಸಿಲು, ಮೇಲೆ ಸೂರಿಲ್ಲ. ಬಾಯಲ್ಲಿ ಹಲ್ಲು ಕಾಯುವ ಗಾರ್ಡ್ ಇಲ್ಲ. ಕೈಯಲ್ಲಿ ತೆಳು ಗ್ಲೌಸ್. ಬಿದ್ದರೆ ಪಕ್ಕದಲ್ಲೇ ನಿಂತು ಕಾಯುವ ಎದುರಾಳಿ. ಜಡ್ಜ್‌ಗಳಿಲ್ಲ, ರೆಫರಿ ಒಬ್ಬನೇ. 45 ರೌಂಡ್. ಮೊದಲ ಹತ್ತು ರೌಂಡ್ ಉಸಿಕ್‌ನದೇ, ಕಾಲಿನ ಓಟದಲ್ಲಿ ಜಾನ್ಸನ್ ಅವನನ್ನು ಮುಟ್ಟಲಾರ. ಆದರೆ ರೌಂಡಿಗೆ ನಲವತ್ತು-ಐವತ್ತು ಹೊಡೆತವನ್ನು ಆ ಗ್ಲೌಸ್‌ನಿಂದ ತಲೆಗೆ ಹಾಕುತ್ತಾ ಹೋದರೆ ಬೆರಳಿನ ಗೆಣ್ಣು ಎಷ್ಟು ಹೊತ್ತು ತಾಳುತ್ತದೆ? ಹೊಡೆತ ಕಡಿಮೆ ಮಾಡಿ ಮೈಗೆ ಹೊಡೆಯಲು ಹತ್ತಿರ ಬರಬೇಕು, ಹತ್ತಿರ ಬಂದರೆ ಬಿಡಿ ಹೆಬ್ಬೆರಳಿನ ಗ್ಲೌಸ್ ತೋಳು ಹಿಡಿಯುತ್ತದೆ, ಬಿಡಿಸಲು ಯಾರೂ ಬರುವುದಿಲ್ಲ. ಹನ್ನೆರಡು ರೌಂಡಿಗೆಂದು ಹದಗೊಳಿಸಿದ ಮೈ ಹದಿನೈದನೆಯದರ ನಂತರ ಏನು ಮಾಡುತ್ತದೆ ಎಂಬುದನ್ನು ಇಂದಿನ ಯಾವ ಬಾಕ್ಸರ್ ಕೂಡ ಪರೀಕ್ಷಿಸಿಲ್ಲ. ಅಷ್ಟರೊಳಗೆ ಉಸಿಕ್ ಮುಗಿಸದಿದ್ದರೆ, ಇಪ್ಪತ್ತನೇ ರೌಂಡಿನಿಂದ ಆಚೆಗೆ ನಾನು ಹಣ ಕಟ್ಟುವುದು ಜಾನ್ಸನ್ ಮೇಲೆ.